ಕೊಡಲಿ ಕಟ್ಟಿದ ಊರು

ಹದಿನೇಳನೆಯ ಶತಮಾನದ ಮಾಸ್ಕೋದಲ್ಲಿ ಮನೆಗಳಿಗೂ ಒಂದು ಸಂತೆ ಇತ್ತು. ಕುದುರೆಯನ್ನೋ ಮೀನನ್ನೋ ಕೊಳ್ಳಲು ಹೋದಂತೆ ಜನ ಅಲ್ಲಿಗೆ ಮನೆ ಕೊಳ್ಳಲು ಹೋಗುತ್ತಿದ್ದರು. ನಗರದ ಬಿಳಿ ಕೋಟೆಗೋಡೆಯ ಆಚೆ, ಒಮ್ಮೆ ಜೋಡಿಸಿ ಸರಿನೋಡಿ ಮತ್ತೆ ಬಿಚ್ಚಿಟ್ಟ ಮರದ ಮನೆಗಳು ದಿಮ್ಮಿಗಳ ರಾಶಿಯಾಗಿ ಬಿದ್ದಿರುತ್ತಿದ್ದವು. ಗಿರಾಕಿ ಬಂದು ತನಗೆ ಎಷ್ಟು ಕೋಣೆ ಬೇಕು, ಎಷ್ಟು ಅಳತೆ ಬೇಕು ಎಂದು ಹೇಳುತ್ತಿದ್ದ, ಚೌಕಾಸಿ ಮಾಡುತ್ತಿದ್ದ, ದಿಮ್ಮಿಗಳನ್ನು ಬಂಡಿಗೆ ಹೇರಿಸಿಕೊಂಡು ಹೋಗುತ್ತಿದ್ದ. ಕೆಲವೇ ದಿನಗಳಲ್ಲಿ ಆ ಮನೆಯ ಒಲೆಯಿಂದ ಹೊಗೆ ಏಳುತ್ತಿತ್ತು. 1630ರ ದಶಕದಲ್ಲಿ ರಾಯಭಾರಿಗಳ ಜೊತೆ ರಷ್ಯಕ್ಕೆ ಬಂದಿದ್ದ ಜರ್ಮನ್ ವಿದ್ವಾಂಸ ಆಡಂ ಒಲಿಯೇರಿಯಸ್ ಇದನ್ನೆಲ್ಲ ಸೋಜಿಗದಿಂದ ಬರೆದಿಟ್ಟಿದ್ದಾನೆ. ಮಾಸ್ಕೋದ ಜನರಿಗೆ ಇದರಲ್ಲಿ ಸೋಜಿಗವೇನೂ ಇರಲಿಲ್ಲ. ಅಲ್ಲಿ ಬೆಂಕಿ ಬೀಳದ ತಿಂಗಳೇ ಇರುತ್ತಿರಲಿಲ್ಲ. ಬೆಂಕಿ ಬಿದ್ದಾಗ ನೀರು ಹೊರುವವರಿಗಿಂತ ಕೊಡಲಿ ಹಿಡಿದು ಓಡುವವರೇ ಹೆಚ್ಚು, ಏಕೆಂದರೆ ಪಕ್ಕದ ಮನೆಗಳನ್ನು ಕಡಿದು ಕೆಡವಿದರೆ ಮಾತ್ರ ಉರಿ ಮುಂದಕ್ಕೆ ದಾಟದೆ ನಿಲ್ಲುತ್ತಿತ್ತು. ಅದೇ ಕೊಡಲಿ ಮರುದಿನ ಹೊಸ ಮನೆ ಕಟ್ಟಲು ಹೊರಡುತ್ತಿತ್ತು.

ಮನೆಯನ್ನು ಬಿಚ್ಚಬಹುದು, ಸಾಗಿಸಬಹುದು, ಮತ್ತೆ ಕಟ್ಟಬಹುದು ಎಂಬ ಈ ತಿಳಿವಳಿಕೆಯಿಂದ ಯುದ್ಧವನ್ನೇ ಗೆದ್ದದ್ದುಂಟು. 1551ರಲ್ಲಿ ಇವಾನ್ ದೊರೆಗೆ ಕಜಾನ್ ನಗರದ ಮುತ್ತಿಗೆಗೆ ಹತ್ತಿರದಲ್ಲೊಂದು ಕೋಟೆ ಬೇಕಿತ್ತು. ಶತ್ರುವಿನ ಕಣ್ಣೆದುರಿಗೆ ಕಾಡು ಕಡಿದು ಕೋಟೆ ಕಟ್ಟುವಷ್ಟು ಪುರುಸೊತ್ತು ಇರಲಿಲ್ಲ. ಇವಾನ್ ವಿರೋದ್ಕೋವ್ ಎಂಬ ಅಧಿಕಾರಿ ವೋಲ್ಗಾ ನದಿಯ ಮೇಲಿನ ದಂಡೆಯಲ್ಲಿ, ಉಗ್ಲಿಚ್ ಬಳಿಯ ಕಾಡಿನಲ್ಲಿ ಇಡೀ ಕೋಟೆಯನ್ನು ಕಟ್ಟಿಸಿದ. ಗೋಡೆ, ಬುರುಜು, ಇಗರ್ಜಿ ಎಲ್ಲವನ್ನೂ ಸೇರಿಸಿ ಕಟ್ಟಿಸಿ, ದಿಮ್ಮಿ ದಿಮ್ಮಿಗೂ ಗುರುತು ಹಾಕಿಸಿ ಬಿಚ್ಚಿಸಿದ, ಹೊಳೆಗೆ ತೇಲಿಬಿಟ್ಟ. ಕಜಾನಿನ ಹತ್ತಿರ ಆ ದಿಮ್ಮಿಗಳನ್ನು ದಡಕ್ಕೆಳೆದು ಜೋಡಿಸಲು ಹಿಡಿದದ್ದು ಸುಮಾರು 4 ವಾರ. ಸ್ವಿಯಾಜ್ಸ್ಕ್ ಎಂಬ ಆ ಊರು ಇಂದಿಗೂ ಇದೆ. ಮರುವರ್ಷ ಕಜಾನ್ ಬಿತ್ತು.

ಇಷ್ಟಕ್ಕೆಲ್ಲ ಬೀಜರೂಪದಲ್ಲಿರುವುದು ದಿಮ್ಮಿಗಳ ಒಂದು ಚೌಕ. ರಷ್ಯನ್ನರು ಇದನ್ನು ‘ಸ್ರೂಬ್’ ಎನ್ನುತ್ತಾರೆ, ‘ಕಡಿದದ್ದು’ ಎಂದರ್ಥ. ನಾಲ್ಕು ದಿಮ್ಮಿಗಳನ್ನು ನಾಲ್ಕು ಮೂಲೆಯಲ್ಲಿ ಒಂದರೊಳಗೊಂದು ಕಚ್ಚಿಕೊಳ್ಳುವಂತೆ ಕೂರಿಸಿದರೆ ಒಂದು ಸುತ್ತು. ಈ ಸುತ್ತಿನ ಹೆಸರು ‘ವೆನೆಟ್ಸ್’, ಅಂದರೆ ಕಿರೀಟ. ಕಿರೀಟದ ಮೇಲೆ ಕಿರೀಟ ಇಡುತ್ತ ಹೋದರೆ ಗೋಡೆ ಏಳುತ್ತದೆ. ಮೇಲಿನ ದಿಮ್ಮಿಯ ಅಡಿಯಲ್ಲಿ ಉದ್ದಕ್ಕೂ ತೋಡು ಕೊರೆದು, ಕೆಳಗಿನ ದಿಮ್ಮಿಯ ದುಂಡು ಬೆನ್ನಿಗೆ ಅದು ಸರಿಯಾಗಿ ಕೂರುವಂತೆ ಮಾಡುತ್ತಾರೆ. ನಡುವೆ ಜೌಗು ನೆಲದಿಂದ ತಂದ ಪಾಚಿಯನ್ನು ಹಾಸುತ್ತಾರೆ. ಮನೆಯ ಭಾರಕ್ಕೆ ಪಾಚಿ ಅಮುಕಿಕೊಂಡು ಚಳಿಗಾಳಿ ನುಸುಳುವ ಸಂದುಗಳನ್ನೆಲ್ಲ ಮುಚ್ಚುತ್ತದೆ. ಮೂಲೆ ಕಚ್ಚುವುದರಲ್ಲಿ ಎರಡು ದೊಡ್ಡ ಪಂಗಡ. ದಿಮ್ಮಿಯ ತುದಿ ಮೂಲೆಯಿಂದ ಒಂದಿಷ್ಟು ಹೊರಚಾಚುವುದು ಒಂದು, ಮೂಲೆಗೇ ಸಮನಾಗಿ ಕತ್ತರಿಸಿಬಿಡುವುದು ಇನ್ನೊಂದು. ಎರಡನೆಯದರಲ್ಲಿ ಮರ ಉಳಿಯುತ್ತದೆ, ಆದರೆ ಮೂಲೆ ಚಳಿಗೆ ತೆರೆದುಕೊಳ್ಳುತ್ತದೆ. ಹಿಮದ ನಾಡಿನ ರೈತ ಸಾಮಾನ್ಯವಾಗಿ ಮರ ಉಳಿಸಲು ಹೋಗಲಿಲ್ಲ. ಕಾಡು ಮನೆಯ ಹಿತ್ತಿಲಿನಲ್ಲೇ ಇತ್ತು.

ಕೋಣೆಯ ಅಳತೆಯನ್ನು ಹೇಳುತ್ತಿದ್ದದ್ದೂ ಮರವೇ. ಪೈನ್ ದಿಮ್ಮಿ ಬುಡದಿಂದ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ ಇರುವುದು ಎಷ್ಟು ಉದ್ದವೋ ಗೋಡೆಯೂ ಅಷ್ಟೇ ಉದ್ದ, ಸಾಮಾನ್ಯವಾಗಿ 6 ಮೀಟರಿನ ಆಸುಪಾಸು. ಹೆಚ್ಚು ಜಾಗ ಬೇಕಾದವನು ನಡುವೆ ಐದನೆಯ ಗೋಡೆ ಹಾಕಿ ಎರಡು ಕೋಣೆ ಮಾಡಿಕೊಳ್ಳುತ್ತಿದ್ದ. ‘ನಾಲ್ಕು ಗೋಡೆಯವ’, ‘ಐದು ಗೋಡೆಯವ’ ಎಂದು ಮನೆಗಳನ್ನೇ ಕರೆಯುತ್ತಿದ್ದರು. ಊರಿನಲ್ಲಿ ಯಾರ ಸ್ಥಿತಿ ಹೇಗಿದೆ ಎಂದು ತಿಳಿಯಲು ಗೋಡೆ ಎಣಿಸಿದರೆ ಸಾಕಿತ್ತು.

ರಷ್ಯನ್ ಭಾಷೆಯಲ್ಲಿ ಮನೆಯನ್ನು ‘ಕಟ್ಟುವ’ ಮಾತಿಗಿಂತ ‘ಕಡಿಯುವ’ ಮಾತು ಹಳೆಯದು. ಗರಗಸ ಗೊತ್ತಿಲ್ಲದೆ ಹಾಗಾಯಿತು ಎಂದು ತಿಳಿದರೆ ತಪ್ಪಾಗುತ್ತದೆ. ಗರಗಸ ಇತ್ತು, ಬಡಗಿ ಅದನ್ನು ಗೋಡೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ ಅಷ್ಟೆ. ಗರಗಸ ಮರದ ನಾರನ್ನು ಹರಿಯುತ್ತದೆ. ಹರಿದ ನಾರು ಬಟ್ಟೆಯ ಬತ್ತಿಯ ಹಾಗೆ ನೀರು ಹೀರುತ್ತದೆ, ತುದಿಯಿಂದ ಕೊಳೆತ ಶುರುವಾಗುತ್ತದೆ. ಹರಿತವಾದ ಕೊಡಲಿಯ ಏಟು ನಾರನ್ನು ಒತ್ತಿ ಮುಚ್ಚುತ್ತದೆ, ಮಳೆನೀರು ಅದರ ಮೇಲೆ ನಿಲ್ಲದೆ ಜಾರುತ್ತದೆ. ಹಲಗೆಯನ್ನೂ ಕೊಯ್ಯುತ್ತಿರಲಿಲ್ಲ. ದಿಮ್ಮಿಗೆ ಬೆಣೆ ಹೊಡೆದು ಸೀಳಿ, ಸೀಳನ್ನು ಕೊಡಲಿಯಿಂದ ಸಮಮಾಡುತ್ತಿದ್ದರು. ಒಂದು ದಿಮ್ಮಿಗೆ ಒಂದೆರಡು ಹಲಗೆ ಸಿಕ್ಕರೆ ಹೆಚ್ಚು. ನೌಕಾಪಡೆಗೆ ಮರ ಬೇಕಾಗಿದ್ದ ಪೀಟರ್ ದೊರೆಗೆ ಇದು ಶುದ್ಧ ದುಂದುಗಾರಿಕೆಯಾಗಿ ಕಂಡು, ಗರಗಸ ಬಳಸಿ ಎಂದು ಅಪ್ಪಣೆ ಹೊರಡಿಸಿದ. ಹಳ್ಳಿಯ ಬಡಗಿ ಅಪ್ಪಣೆಗೆ ತಲೆ ಬಾಗಿದನಾದರೂ ಕೊಡಲಿಯನ್ನು ಸೊಂಟದಿಂದ ತೆಗೆಯಲಿಲ್ಲ.

ಮರ ಕಡಿಯುವುದು ಚಳಿಗಾಲದಲ್ಲಿ. ಆಗ ಮರದ ರಸ ಇಳಿದಿರುತ್ತದೆ, ಹಿಮದ ಮೇಲೆ ಕುದುರೆಬಂಡಿ ಜಾರಿಸಿ ದಿಮ್ಮಿ ಎಳೆಯುವುದೂ ಸುಲಭ. ಗೋಡೆ ಎತ್ತುವ ದಿನ ಊರೇ ನೆರವಿಗೆ ಬರುತ್ತಿತ್ತು. ಇದರ ಹೆಸರು ‘ಪೊಮೊಚ್’, ನಮ್ಮ ಮುಯ್ಯಾಳಿನಂತೆ. ಕೂಲಿ ಇಲ್ಲ, ಊಟ ಮತ್ತು ಕುಡಿತ ಮನೆಯವನದು, ನಾಳೆ ಇನ್ನೊಬ್ಬನ ಗೋಡೆಗೆ ಇವನು ಹೋಗಬೇಕು. ಮೊದಲ ಕಿರೀಟದ ಮೂಲೆಗಳ ಅಡಿಯಲ್ಲಿ ನಾಣ್ಯ, ಉಣ್ಣೆ, ಧೂಪದ ಚೂರು ಇಡುತ್ತಿದ್ದರು. ಹಣ ಬರಲಿ, ಮನೆ ಬೆಚ್ಚಗಿರಲಿ, ದೇವರು ಕಾಯಲಿ ಎಂದು.

ಎಲ್ಲಕ್ಕಿಂತ ದೊಡ್ಡ ಹಬ್ಬ ನಡುತೊಲೆ ಏರಿಸುವ ದಿನ. ಛಾವಣಿ ಹೊರುವ ಈ ತೊಲೆಗೆ ‘ಮಾತಿತ್ಸಾ’ ಎಂದು ಹೆಸರು. ಗಂಜಿಯನ್ನೋ ಕಡುಬಿನಂಥ ‘ಪಿರೋಗ್’ ಅನ್ನೋ ತುಪ್ಪಳದ ಕೋಟಿನಲ್ಲಿ ಸುತ್ತಿ ತೊಲೆಗೆ ಹಗ್ಗದಿಂದ ತೂಗುಹಾಕುತ್ತಿದ್ದರು. ಬಡಗಿಯೊಬ್ಬ ಮೇಲಿನ ಕಿರೀಟದ ಮೇಲೆ ನಡೆಯುತ್ತ ನಾಲ್ಕು ದಿಕ್ಕಿಗೂ ಕಾಳು ಎರಚಿ, ಕೊನೆಗೆ ತೊಲೆಯ ಬಳಿ ಬಂದು ಕೊಡಲಿಯಿಂದ ಹಗ್ಗ ಕಡಿಯುತ್ತಿದ್ದ. ಕೆಳಗಿದ್ದವರು ಕೋಟನ್ನು ಹಿಡಿದು ಅಲ್ಲೇ ಊಟಕ್ಕೆ ಕೂರುತ್ತಿದ್ದರು. ಆಮೇಲೆ ಆ ತೊಲೆ ಮನೆಯೊಳಗಿನ ಗಡಿಯಾಗುತ್ತಿತ್ತು. ಅಪರಿಚಿತ ಬಂದರೆ ಬಾಗಿಲ ಕಡೆಯ ಬೆಂಚಿನಲ್ಲಿ ಕೂರಬೇಕು, ಕರೆಯದೆ ತೊಲೆ ದಾಟುವ ಹಾಗಿಲ್ಲ. ಹೆಣ್ಣು ಕೇಳಲು ಬಂದವರು ತೊಲೆಯ ಅಡಿಯಲ್ಲೇ ಕೂತು ಮಾತು ತೆಗೆಯುತ್ತಿದ್ದರು.

ಬಡಗಿಗೆ ಸರಿಯಾಗಿ ಕೊಡದಿದ್ದರೆ? ಅದಕ್ಕೂ ಮದ್ದಿತ್ತು. ಒಡೆದ ಶೀಶೆಯ ಕತ್ತನ್ನೋ ಸುರುಳಿ ಮಾಡಿದ ಬರ್ಚ್ ತೊಗಟೆಯನ್ನೋ ಗೋಡೆಯ ಮೂಲೆಯ ಸಂದಿಯಲ್ಲಿ ಯಾರಿಗೂ ಕಾಣದಂತೆ ತುರುಕಿ ಹೋಗುತ್ತಿದ್ದ. ಗಾಳಿ ಬೀಸಿದ ರಾತ್ರಿ ಮನೆ ಗೋಳಿಡುತ್ತಿತ್ತು, ಮಕ್ಕಳು ಚೀರುತ್ತಿದ್ದರು, ದೆವ್ವ ಹೊಕ್ಕಿದೆ ಎಂದು ಊರೆಲ್ಲ ಸುದ್ದಿ. ಜಿಪುಣ ಯಜಮಾನ ಕೊನೆಗೆ ಅದೇ ಬಡಗಿಯನ್ನು ಕರೆಸಿ ಕೈ ಬೆಚ್ಚಗೆ ಮಾಡಬೇಕಾಗುತ್ತಿತ್ತು. ಜನಪದ ಸಂಗ್ರಾಹಕರು ಇದನ್ನು ಮಾಟದ ನಂಬಿಕೆಗಳ ಪಟ್ಟಿಗೆ ಸೇರಿಸಿದ್ದಾರೆ. ಕೂಲಿ ವಸೂಲಿಯ ಪಟ್ಟಿಗೆ ಸೇರಿಸಿದ್ದರೂ ನಡೆಯುತ್ತಿತ್ತು.

ಈ ಮರದ ಪೆಟ್ಟಿಗೆಯೊಳಗೆ ಮರದ್ದಲ್ಲದ ದೊಡ್ಡ ವಸ್ತು ಒಂದೇ, ಒಲೆ. ‘ಪೆಚ್’ ಎಂಬ ಈ ರಷ್ಯನ್ ಒಲೆಯನ್ನು ನಮ್ಮ ಅಡುಗೆಮನೆಯ ಒಲೆಗೆ ಹೋಲಿಸಿದರೆ ತಪ್ಪು ಚಿತ್ರ ಬರುತ್ತದೆ. ಕೋಣೆಯ ನಾಲ್ಕನೆಯ ಒಂದು ಭಾಗವನ್ನೇ ನುಂಗಿ ಕೂತ ಮಣ್ಣಿನ ಅಥವಾ ಇಟ್ಟಿಗೆಯ ಗುಡ್ಡ ಅದು. ಬೆಳಿಗ್ಗೆ ಒಮ್ಮೆ ಕಟ್ಟಿಗೆ ತುಂಬಿ ಉರಿಸಿ, ಕೆಂಡ ಬದಿಗೆ ಸರಿಸಿದರೆ ಒಲೆಯ ದಪ್ಪ ಮೈ ದಿನವಿಡೀ ಬಿಸಿ ಬಿಡುತ್ತಲೇ ಇರುತ್ತದೆ. ಮೊದಲು ರೈ ರೊಟ್ಟಿ ಬೇಯುತ್ತದೆ, ಆಮೇಲೆ ಕವಲುಕೋಲಿನಿಂದ ಒಳಗೆ ತಳ್ಳಿದ ಮಡಕೆಯಲ್ಲಿ ಎಲೆಕೋಸಿನ ಸಾರು ಸಂಜೆಯವರೆಗೆ ನಿಧಾನ ಕುದಿಯುತ್ತದೆ. ಒಲೆಯ ನೆತ್ತಿಯ ಮೇಲೆ ಮುದುಕರು, ಮಕ್ಕಳು ಮಲಗುತ್ತಾರೆ. ಅಣಬೆ, ಹಣ್ಣು, ಒದ್ದೆ ಬೂಟು ಅಲ್ಲೇ ಒಣಗುತ್ತವೆ. ಬೇರೆ ಸ್ನಾನದ ಕೊಟಡಿ ಇಲ್ಲದ ಕಡೆ ಜನ ಬಿಸಿ ಒಲೆಯ ಹೊಟ್ಟೆಯೊಳಗೇ ಹುಲ್ಲು ಹಾಸಿ ಕೂತು ಮೈ ತೊಳೆದುಕೊಳ್ಳುತ್ತಿದ್ದರು. ಒಲೆಯ ಹಿಂದೆಯೋ ಅಡಿಯಲ್ಲೋ ‘ದೊಮೊವೋಯ್’ ಎಂಬ ಮನೆಕಾಯುವ ಮುದುಕ ಇರುತ್ತಾನೆ ಎಂದು ನಂಬಿಕೆ. ಹೊಸ ಮನೆಗೆ ಹೋಗುವಾಗ ಹಳೆಯ ಒಲೆಯ ಕೆಂಡವನ್ನು ಮಡಕೆಯಲ್ಲಿ ಹೊತ್ತು, ಅವನನ್ನೂ ಬಾ ಎಂದು ಕರೆಯುತ್ತಿದ್ದರು. ಕೆಲವು ಕಡೆ ಅವನ ಸವಾರಿಗೆ ಹಳೆಯ ಕೆರ. ಹೊಸ್ತಿಲು ದಾಟಲು ಬೆಕ್ಕನ್ನು ಮೊದಲು ಬಿಡುತ್ತಿದ್ದರು.

ಒಲೆಗೆ ಕರ್ಣರೇಖೆಯಲ್ಲಿ ಎದುರಿನ ಮೂಲೆ ದೇವರದು. ಐಕಾನ್‌ಗಳು, ಅವುಗಳ ಮೇಲೆ ಕಸೂತಿಯ ಬಟ್ಟೆ, ಕೆಳಗೆ ಊಟದ ಮೇಜು. ಅದನ್ನು ‘ಕೆಂಪು ಮೂಲೆ’ ಎನ್ನುತ್ತಾರೆ. ಹಳೆಯ ರಷ್ಯನ್ನಿನಲ್ಲಿ ಕೆಂಪು ಎಂದರೆ ಚೆಂದ. ಒಳಗೆ ಬಂದವನು ಮೊದಲು ಆ ಮೂಲೆಗೆ ಶಿಲುಬೆಯ ಗುರುತು ಮಾಡಿ, ಆಮೇಲೆ ಮನೆಯವರ ಕಡೆ ತಿರುಗಬೇಕು.

ಬಹುಕಾಲ ಈ ಒಲೆಗೆ ಚಿಮಣಿಯೇ ಇರಲಿಲ್ಲ. ಹೊಗೆ ಒಲೆಯ ಬಾಯಿಂದ ನೇರ ಕೋಣೆಗೆ ಬಂದು, ಛಾವಣಿಯಡಿ ಮೋಡದಂತೆ ತೂಗಿ, ಗೋಡೆಯ ಪುಟ್ಟ ಕಿಂಡಿಯಿಂದಲೋ ತೆರೆದ ಬಾಗಿಲಿನಿಂದಲೋ ಹೊರಹೋಗಬೇಕು. ಗೋಡೆಯಲ್ಲಿ ಒಂದು ಎತ್ತರದಲ್ಲಿ ಅಗಲ ಹಲಗೆ. ಅದರ ಮೇಲೆ ಗೋಡೆ ಮಸಿಯಿಂದ ಕರ್ರಗೆ, ಕೆಳಗೆ ಉಜ್ಜಿ ತೊಳೆದ ಹಳದಿ ಮರ. ಒಲೆ ಹೊತ್ತಿದಷ್ಟು ಹೊತ್ತು ತಲೆ ತಗ್ಗಿಸಿಯೇ ಓಡಾಟ. ಈ ‘ಕಪ್ಪು’ ಮನೆಗಳನ್ನು ಹೊಗಳುವವರೂ ಇದ್ದಾರೆ: ಹೊಗೆ ಮರವನ್ನು ಒಣಗಿಸಿಡುತ್ತದೆ, ಹುಳ ತಾಗುವುದಿಲ್ಲ, ಕಟ್ಟಿಗೆ ಕಡಿಮೆ ಸಾಕು. ಎಲ್ಲ ನಿಜವೇ. ಹೊಗಳಿದವರು ಅಲ್ಲಿ ಮುಂಜಾನೆ ಎದ್ದು ಒಲೆ ಹೊತ್ತಿಸಿದ ಹೆಂಗಸರಲ್ಲ ಎಂಬುದೂ ಅಷ್ಟೇ ನಿಜ. ಚಿಮಣಿ ಹಳ್ಳಿಗಳಿಗೆ ವ್ಯಾಪಕವಾಗಿ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕೆಲವು ಮೂಲೆಗಳಲ್ಲಿ ಇಪ್ಪತ್ತನೆಯ ಶತಮಾನಕ್ಕೂ ಕಪ್ಪು ಮನೆಗಳು ಉಳಿದಿದ್ದವು. ಆಂಟನ್ ಚೆಕಾಫ್ 1897ರಲ್ಲಿ ‘ರೈತರು’ ಕಥೆ ಪ್ರಕಟಿಸಿದಾಗ ಓದುಗರಿಗೆ ಆಘಾತವಾಯಿತು. ಮಾಸ್ಕೋದಲ್ಲಿ ಕಾಯಿಲೆ ಬಿದ್ದ ಹೋಟೆಲ್ ಮಾಣಿ ಊರಿಗೆ ಮರಳಿ ನೋಡುವುದು ಇಕ್ಕಟ್ಟು, ಕತ್ತಲೆ, ಮಸಿ, ನೊಣಗಳ ಗುಡಿಸಲನ್ನು. ಬಾಲ್ಯದ ನೆನಪಿನಲ್ಲಿದ್ದ ಮನೆ ಅದಲ್ಲವೇ ಅಲ್ಲ.

ಉತ್ತರಕ್ಕೆ, ಬಿಳಿ ಸಮುದ್ರದ ಕಡೆಗೆ ಹೋದಂತೆ ಮನೆ ದೊಡ್ಡದಾಗುತ್ತದೆ. ಅಲ್ಲಿ ಚಳಿಗಾಲ ಅರ್ಧ ವರ್ಷ. ಕೊಟ್ಟಿಗೆಗೆ ಹೋಗಲು ಹಿಮ ಕಡಿದು ದಾರಿ ಮಾಡಬೇಕು. ಅದಕ್ಕೆ ರೈತರು ಮನೆ, ಕೊಟ್ಟಿಗೆ, ಹುಲ್ಲಿನ ಅಟ್ಟ, ಉಗ್ರಾಣ ಎಲ್ಲವನ್ನೂ ಒಂದೇ ಮಾಡಿನ ಕೆಳಗೆ ತಂದರು. ಕೆಳಗೆ ದನ, ಮೇಲೆ ಹುಲ್ಲು. ಮನೆಯ ಹಿಂಬದಿಗೆ ದಿಮ್ಮಿಗಳ ಇಳಿಜಾರು ಸೇತುವೆ ಕಟ್ಟಿ, ಕುದುರೆ ಬಂಡಿ ಸಮೇತ ಮೇಲಿನ ಅಟ್ಟಕ್ಕೇ ಹೋಗಿ ಹುಲ್ಲು ಸುರಿಯುತ್ತಿತ್ತು. ಕರೇಲಿಯದ ಒನೆಗಾ ಸರೋವರದ ಸುತ್ತ ಮನೆಯ ಮಾಡು ಒಂದು ಬದಿಗೆ ಚಿಕ್ಕದು, ಇನ್ನೊಂದು ಬದಿಗೆ ಕೊಟ್ಟಿಗೆಯನ್ನೂ ಮುಚ್ಚುವಷ್ಟು ಉದ್ದ. ಈ ಬಗೆಗೆ ‘ಕೊಶೆಲ್’, ಅಂದರೆ ಬುಟ್ಟಿ ಎಂದು ಹೆಸರು. 1876ರಲ್ಲಿ ಕಟ್ಟಿದ ಓಶೆವ್ನೆವ್ ಕುಟುಂಬದ ಎರಡಂತಸ್ತಿನ ಮನೆಯನ್ನು ಕಿಜೀ ದ್ವೀಪದಲ್ಲಿ ಈಗಲೂ ನೋಡಬಹುದು. ಅದೂ ಅಲ್ಲೇ ಹುಟ್ಟಿದ್ದಲ್ಲ, 1951ರಲ್ಲಿ ಬಿಚ್ಚಿ ತಂದದ್ದು.

ಈ ಮನೆಗಳ ಮಾಡನ್ನು ತಲೆಯೆತ್ತಿ ನೋಡಿದರೆ ಒಂದು ಪ್ರಾಣಿಶಾಲೆ ಕಾಣುತ್ತದೆ. ಎಳೆಯ ಸ್ಪ್ರೂಸ್ ಮರವನ್ನು ಬೇರು ಸಮೇತ ಕಿತ್ತು, ಒಂದು ಬೇರನ್ನು ಕೊಕ್ಕೆಯಾಗಿ ಉಳಿಸಿ ಮಾಡಿದ ಸೂರುಗೋಲಿಗೆ ‘ಕೋಳಿ’ ಎನ್ನುತ್ತಾರೆ. ಸಾಲಾಗಿ ಕೂತ ಈ ಕೋಳಿಗಳ ಕೊಕ್ಕಿನ ಮೇಲೆ, ದೋಣಿಯ ಹಾಗೆ ಕೊರೆದ ಮರದ ನೀರುದೋಣಿ ಒರಗುತ್ತದೆ. ಮಾಡಿನ ಹಲಗೆಗಳ ಕೆಳತುದಿ ಆ ದೋಣಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲ್ತುದಿಯನ್ನು ನೆತ್ತಿಯ ಮೇಲೆ ಕವುಚಿದ ಒಂದೇ ಭಾರದ ದಿಮ್ಮಿ ಅಮುಕಿ ಹಿಡಿಯುತ್ತದೆ. ಆ ದಿಮ್ಮಿಯ ಬುಡದ ಗಂಟನ್ನು ಬಡಗಿ ಕುದುರೆಯ ತಲೆಯಾಗಿ ಕೆತ್ತುತ್ತಾನೆ. ಇಡೀ ಮಾಡಿಗೆ ಒಂದು ಮೊಳೆ ಬೇಕಿಲ್ಲ. ಇದರ ಹಿಂದೆ ಗುಟ್ಟೇನೂ ಇಲ್ಲ: ಕಬ್ಬಿಣ ದುಬಾರಿ, ಮರ ಪುಕ್ಕಟೆ.

ಇಲ್ಲಿ ಬದುಕಿದ ರೈತರಲ್ಲಿ ಹಲವರಿಗೆ ಜಮೀನುದಾರನೇ ಇರಲಿಲ್ಲ. ಮಧ್ಯ ರಷ್ಯದಲ್ಲಿ 1861ರವರೆಗೂ ಕೋಟ್ಯಂತರ ಜನ ಜೀತದಲ್ಲಿದ್ದರೆ, ಉತ್ತರದ ಬಹುಪಾಲು ರೈತರು ನೇರ ದೊರೆಗೆ ಕಂದಾಯ ಕಟ್ಟುವವರು. ದೊಡ್ಡ ಮನೆಗಳ ಹಿಂದೆ ಆ ಸ್ವಾತಂತ್ರ್ಯವೂ ಇತ್ತು. ಹಾಗೆಂದು ಅವರನ್ನು ಯಾರೂ ಸುಮ್ಮನೆ ಬಿಟ್ಟಿದ್ದರೆಂದಲ್ಲ. ಸರ್ಕಾರಿ ಕಬ್ಬಿಣದ ಕಾರ್ಖಾನೆಗಳಿಗೆ ಬಿಟ್ಟಿ ದುಡಿಯಬೇಕೆಂದು ಒನೆಗಾ ಸುತ್ತಿನ ರೈತರನ್ನು ಹಚ್ಚಿದಾಗ 1769ರಲ್ಲಿ ಅವರು ತಿರುಗಿಬಿದ್ದರು. ಎರಡು ವರ್ಷದ ಬಳಿಕ ಕಿಜೀ ಇಗರ್ಜಿಯ ಬಳಿ ನೆರೆದವರ ಮೇಲೆ ಸೇನೆ ಫಿರಂಗಿ ಹಾರಿಸಿ ದಂಗೆಯನ್ನು ಮುಗಿಸಿತು. ನಾಯಕರು ಸೈಬೀರಿಯಕ್ಕೆ ಹೋದರು.

ಊರಿನ ಒಳಾಡಳಿತ ಊರಿನದೇ. ಮನೆಯ ಯಜಮಾನರು ಕೂಡಿ, ಹೊಲದ ಪಟ್ಟಿಗಳನ್ನು ಕುಟುಂಬಗಳಿಗೆ ಹಂಚಿ, ಕೆಲವು ವರ್ಷಕ್ಕೊಮ್ಮೆ ಮರುಹಂಚಿ, ಕಂದಾಯವನ್ನು ಒಟ್ಟಾಗಿ ಹೊರುತ್ತಿದ್ದರು. ಈ ಕೂಟದ ಹೆಸರು ‘ಮಿರ್’. ಲೋಕ ಎಂದೂ ಶಾಂತಿ ಎಂದೂ ಅರ್ಥವಿರುವ ಪದ. ಬೆಂಗಳೂರು, ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಕಾಲದಲ್ಲಿ ಅಗ್ಗದ ಬೆಲೆಗೆ ಕೊಂಡ ಸೋವಿಯತ್ ಪಠ್ಯಗಳ ಬೆನ್ನಿನ ಮೇಲೆ ಇದ್ದದ್ದೂ ಇದೇ ಪದ.

ಆ ಪುಸ್ತಕಗಳ ಸಾಲಿನಲ್ಲೇ ಮಕ್ಕಳ ಕಥೆಗಳೂ ಬರುತ್ತಿದ್ದವು. ನವಕರ್ನಾಟಕದ ಮಳಿಗೆಯಲ್ಲಿ ನುಣುಪು ಕಾಗದದ ಬಣ್ಣದ ಚಿತ್ರಗಳನ್ನು ತಿರುವಿದ ಕನ್ನಡದ ಮಕ್ಕಳಿಗೆ ಒಲೆಯ ಮೇಲೆ ಮಲಗುವ ಸೋಮಾರಿ ಯೆಮೇಲ್ಯಾ ಗೊತ್ತು, ಕೋಳಿಕಾಲಿನ ಮೇಲೆ ನಿಂತ ಬಾಬಾ ಯಾಗಾಳ ಗುಡಿಸಲೂ ಗೊತ್ತು. ಒಲೆಯ ಮೇಲೆ ಹೇಗಪ್ಪ ಮಲಗುತ್ತಾನೆ ಎಂದು ತಲೆ ಕೆರೆದುಕೊಂಡವರಿಗೆ ಉತ್ತರ ಸಿಕ್ಕಿರಲಿಕ್ಕಿಲ್ಲ. ಕೋಳಿಕಾಲಿಗೂ ಮೂಲವೊಂದನ್ನು ಊಹಿಸುವವರಿದ್ದಾರೆ. ಇಲಿ, ಹಿಮದಿಂದ ಕಾಪಾಡಲು ಉತ್ತರದವರು ತಮ್ಮ ಕಣಜಗಳನ್ನು ಬೇರು ಬಿಟ್ಟ ಮರದ ಬುಡಗಳ ಮೇಲೆ ಎತ್ತಿ ನಿಲ್ಲಿಸುತ್ತಿದ್ದರು. ದೂರದಿಂದ ಅವು ನಿಂತ ಹಕ್ಕಿಯಂತೆಯೇ ಕಾಣುತ್ತವೆ. ಈ ಕಥೆಗಳಿಗೆ ಬರೆದ ಚಿತ್ರಗಳಿಂದ ಹೆಸರಾದ ಇವಾನ್ ಬಿಲಿಬಿನ್ 1902ರಿಂದ 1904ರವರೆಗೆ ವೊಲೊಗ್ದಾ, ಅರ್ಖಾಂಗೆಲ್ಸ್ಕ್ ಕಡೆಯ ಹಳ್ಳಿಗಳನ್ನು ಸುತ್ತಿ, ಇಗರ್ಜಿಗಳ ಫೋಟೊ ತೆಗೆದು, ಕಸೂತಿ ಸಂಗ್ರಹಿಸಿದ. ಅದೇ ವರ್ಷಗಳಲ್ಲಿ ನಿಕೊಲಾಯ್ ರೋರಿಚ್ ಕೂಡ ಹಳೆಯ ರಷ್ಯನ್ ಊರುಗಳನ್ನು ಸುತ್ತಿ ಅಲ್ಲಿನ ಕಟ್ಟಡಗಳನ್ನು ಚಿತ್ರಿಸುತ್ತಿದ್ದ. ಅವನ ಮಗ ಸ್ವೆತೊಸ್ಲಾವ್ ಮುಂದೆ ದೇವಿಕಾ ರಾಣಿಯವರೊಡನೆ ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ನೆಲೆಸಿದರು.

ಇಂದು ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯುವ ಲೇಸಿನಂಥ ಕಿಟಕಿ ಚೌಕಟ್ಟು ಈ ಕಥೆಯಲ್ಲಿ ಸಾಕಷ್ಟು ಹೊಸಬ. ಹಳೆಯ ಕಿಟಕಿ ಎಂದರೆ ದಿಮ್ಮಿಯಲ್ಲಿ ಕಡಿದ ಕಿಂಡಿ, ಅದಕ್ಕೆ ಜಾರುವ ಹಲಗೆ, ಹೆಚ್ಚೆಂದರೆ ಅಭ್ರಕ ಇಲ್ಲವೇ ಎತ್ತಿನ ಮೂತ್ರಕೋಶದ ಪೊರೆ. ಗಾಜು ಅಗ್ಗವಾಗಿ, ತೆಳು ಗರಗಸ ಕೈಗೆ ಬಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕೊರೆತದ ಅಲಂಕಾರ ಹಬ್ಬಿತು. ಹಳ್ಳಿಯ ದುಡ್ಡೂ ಆಗ ಹೊರಗಿನಿಂದ ಬರತೊಡಗಿತ್ತು. ಕೊಸ್ತ್ರೊಮಾ ಪ್ರಾಂತ್ಯದ ಗಂಡಸರು ಗುತ್ತಿಗೆ ಕೆಲಸಕ್ಕೆ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಬರುತ್ತಿದ್ದರು. ಹಾಗೆ ಹೋಗಿ ಹಣ ಮಾಡಿದ ಮರ್ತ್ಯಾನ್ ಸಜೊನೊವ್ ಎಂಬ ರೈತ 1897ರಲ್ಲಿ ತನ್ನ ಊರು ಅಸ್ತಾಶೊವೊದ ಕಾಡಿನಂಚಿನಲ್ಲಿ ಗೋಪುರ, ಉಪ್ಪರಿಗೆ, ಕೆತ್ತನೆಗಳ ಮರದ ಅರಮನೆಯನ್ನೇ ಎಬ್ಬಿಸಿದ. ಊರು ಖಾಲಿಯಾಗಿ, ಗೋಪುರ ವಾಲಿ, ಸುತ್ತ ಕಾಡು ಬೆಳೆದಿದ್ದ ಆ ಮನೆಯನ್ನು ಈ ಶತಮಾನದಲ್ಲಿ ಉತ್ಸಾಹಿಗಳು ಬಿಚ್ಚಿ ದುರಸ್ತಿ ಮಾಡಿ ಮತ್ತೆ ನಿಲ್ಲಿಸಿದ್ದಾರೆ. ಈಗ ಅದು ಹೋಟೆಲ್.

ಹಳ್ಳಿಯ ಬಡಗಿ ತನಗಾಗಿ ಕಟ್ಟಿದ್ದು ಮನೆ, ಊರಿಗಾಗಿ ಕಟ್ಟಿದ್ದು ಇಗರ್ಜಿ. ಎರಡಕ್ಕೂ ಒಂದೇ ಚೌಕ, ಒಂದೇ ಕಚ್ಚು. 1654ರಲ್ಲಿ ಪ್ಲೇಗ್ ಬಂದಾಗ ವೊಲೊಗ್ದಾದ ಜನ ಹರಕೆ ಹೊತ್ತು ಒಂದೇ ದಿನದಲ್ಲಿ ಒಂದು ಇಗರ್ಜಿ ಕಟ್ಟಿದರು. ರಾತ್ರಿ ಬರ್ಚ್ ತೊಗಟೆಯ ಪಂಜು ಹಿಡಿದು ಶುರುಮಾಡಿದ ಕೆಲಸ ಮರುದಿನಕ್ಕೆ ಮುಗಿದಿತ್ತು. ಗುತ್ತಿಗೆಯ ಕರಾರುಗಳಲ್ಲಿ ನಕ್ಷೆ ಇರುತ್ತಿರಲಿಲ್ಲ. ಇಂಥ ಊರಿನ ಇಗರ್ಜಿಯ ಹಾಗೆ ಇರಲಿ, ಉಳಿದದ್ದು ಅಳತೆ ಮತ್ತು ಅಂದ ಹೇಳಿದಂತೆ ಎಂದು ಬರೆದರೆ ಮುಗಿಯಿತು.

ಕಿಜೀಯ ರೂಪಾಂತರ ಇಗರ್ಜಿ ಎದ್ದದ್ದು 1714ರಲ್ಲಿ. ಅದೇ ವರ್ಷ ಪೀಟರ್ ದೊರೆ, ತನ್ನ ಹೊಸ ರಾಜಧಾನಿಗೆ ಕಲ್ಲುಕುಟಿಗರು ಸಾಲದೆಂದು, ದೇಶದ ಬೇರೆಲ್ಲೂ ಕಲ್ಲಿನ ಕಟ್ಟಡ ಕಟ್ಟಕೂಡದೆಂದು ಅಪ್ಪಣೆ ಮಾಡಿದ್ದ. ಒನೆಗಾದ ರೈತರಿಗೆ ಆ ಅಪ್ಪಣೆಯಿಂದ ನಷ್ಟವೇನೂ ಆಗಲಿಲ್ಲ. 37 ಮೀಟರ್ ಎತ್ತರ, 22 ಗುಮ್ಮಟ. ಎಂಟುಮೂಲೆಯ ಮೇಲೆ ಎಂಟುಮೂಲೆ ಕಿರಿದಾಗುತ್ತ ಏರಿ, ಒಂದೊಂದು ಮೆಟ್ಟಿಲಲ್ಲೂ ಗುಮ್ಮಟಗಳು ಮೊಗ್ಗಿನಂತೆ ಕೂತಿವೆ. ಕಟ್ಟಿದ ನೆಸ್ತೊರ್ ಎಂಬ ಬಡಗಿ ಕೆಲಸ ಮುಗಿದ ಮೇಲೆ, ಇಂಥದ್ದು ಹಿಂದೆ ಇರಲಿಲ್ಲ ಮುಂದೆಯೂ ಬಾರದೆಂದು ಕೊಡಲಿಯನ್ನು ಸರೋವರಕ್ಕೆ ಎಸೆದನಂತೆ. ಇದು ಐತಿಹ್ಯ. ಒಂದೂ ಮೊಳೆ ಇಲ್ಲದ ಇಗರ್ಜಿ ಎಂಬ ಇನ್ನೊಂದು ಮಾತೂ ಅರ್ಧ ಐತಿಹ್ಯವೇ. ಗೋಡೆಗೆ ಮೊಳೆ ಇಲ್ಲ, ಸರಿ. ಗುಮ್ಮಟಗಳನ್ನು ಮೀನಿನ ಹುರುಪೆಯಂತೆ ಮುಚ್ಚಿರುವ ಸುಮಾರು 30,000 ಆಸ್ಪೆನ್ ಮರದ ಬಿಲ್ಲೆಗಳನ್ನು ಮೊಳೆ ಹೊಡೆದೇ ಕೂರಿಸಿದ್ದಾರೆ. ಹೊಸದರಲ್ಲಿ ಹಳದಿಯಾದ ಆ ಬಿಲ್ಲೆಗಳು ಮಳೆ ಬಿಸಿಲು ಕಂಡು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತವೆ. ದೊಡ್ಡ ಇಗರ್ಜಿಗೆ ಒಲೆ ಇಲ್ಲ, ಅದು ಬೇಸಿಗೆಯ ಪೂಜೆಗೆ. ಚಳಿಗಾಲಕ್ಕೆ ಪಕ್ಕದಲ್ಲೇ 9 ಗುಮ್ಮಟದ ಇನ್ನೊಂದು, ಒಲೆಯುಳ್ಳದ್ದು.

ಇಪ್ಪತ್ತನೆಯ ಶತಮಾನ ಈ ಊರುಗಳ ಮೇಲೆ ಏಟಿನ ಮೇಲೆ ಏಟು ಕೊಟ್ಟಿತು. 1929ರ ಬಳಿಕ ಸಾಮೂಹಿಕ ಕೃಷಿ ಬಂತು. ಐದು ಗೋಡೆಯ ಮನೆ ಇದ್ದವನು ‘ಕುಲಾಕ್’, ಅಂದರೆ ಸಿರಿವಂತ ರೈತ, ಎನಿಸಿಕೊಂಡು ಗಡಿಪಾರಾದ, ಅವನ ಮನೆ ಕಚೇರಿಯಾಯಿತು, ಇಗರ್ಜಿ ಉಗ್ರಾಣವಾಯಿತು. ಸಾಮೂಹಿಕ ಹೊಲದ ರೈತರಿಗೆ ಊರು ಬಿಡಲು ಬೇಕಾದ ಗುರುತುಚೀಟಿಯ ಹಕ್ಕು ಸಿಕ್ಕಿದ್ದು 1974ರಲ್ಲಿ. ಅದೇ ಹೊತ್ತಿಗೆ ಸರ್ಕಾರ ಸಾವಿರಾರು ಚಿಕ್ಕ ಹಳ್ಳಿಗಳನ್ನು ‘ಭವಿಷ್ಯವಿಲ್ಲದವು’ ಎಂದು ಬದಿಗೆ ಸರಿಸಿತ್ತು. ಶಾಲೆ ಹೋಯಿತು, ಅಂಗಡಿ ಹೋಯಿತು, ಜನ ಹೋದರು. 2010ರ ಜನಗಣತಿಯಲ್ಲಿ ಸುಮಾರು 1.53 ಲಕ್ಷ ಹಳ್ಳಿಗಳ ಪೈಕಿ 19 ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಒಬ್ಬ ನಿವಾಸಿಯೂ ಇರಲಿಲ್ಲ.

ಮನೆ ಬಿಚ್ಚುವ ಹಳೆಯ ಜಾಣತನ ಈ ಕಾಲದಲ್ಲಿ ಹೇಗೆ ತಿರುಗಿಕೊಂಡಿತು ಎಂಬುದನ್ನು ಸೊಲ್ಜೆನಿತ್ಸಿನ್ ‘ಮತ್ರ್ಯೋನಾಳ ಮನೆ’ ಕಥೆಯಲ್ಲಿ ತೋರಿಸಿದ್ದಾನೆ. 1963ರಲ್ಲಿ ಪ್ರಕಟವಾದ ಆ ಕಥೆಯಲ್ಲಿ, ಒಂಟಿ ಮುದುಕಿಯ ಮನೆಯ ಮೇಲುಕೋಣೆಯನ್ನು ಅವಳು ಬದುಕಿರುವಾಗಲೇ ನೆಂಟರು ಬಿಚ್ಚುತ್ತಾರೆ. ದಿಮ್ಮಿಗಳಿಗೆ ಗುರುತು ಹಾಕಿ, ಜಾರುಬಂಡಿಗೆ ಹೇರಿ ಟ್ರ್ಯಾಕ್ಟರಿನಲ್ಲಿ ಎಳೆಯುತ್ತಾರೆ. ಬಂಡಿ ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ಅಲ್ಲೂ ಕೈ ಹಚ್ಚಲು ಹೋದ ಮತ್ರ್ಯೋನಾ ರೈಲಿಗೆ ಸಿಕ್ಕಿ ಸಾಯುತ್ತಾಳೆ.

ಉಳಿಸಲು ಹೊರಟವರಿಗೂ ಅದೇ ಜಾಣತನವೇ ಆಸರೆಯಾಯಿತು. ಊರು ಸತ್ತ ಕಡೆಯ ಮನೆ, ಇಗರ್ಜಿ, ಗಾಳಿಗಿರಣಿಗಳನ್ನು ಗುರುತು ಹಾಕಿ ಬಿಚ್ಚಿ, ಬಯಲು ವಸ್ತುಸಂಗ್ರಹಾಲಯಗಳಲ್ಲಿ ಮತ್ತೆ ಕಟ್ಟಿದರು. ಕಿಜೀ, ಅರ್ಖಾಂಗೆಲ್ಸ್ಕ್ ಬಳಿಯ ಮಾಲಿಯೆ ಕೊರೆಲಿ, ನವ್‌ಗೊರೊದ್ ಬಳಿಯ ವಿತೊಸ್ಲಾವ್ಲಿತ್ಸಿ ಹುಟ್ಟಿದ್ದು ಹೀಗೆ. ಇದ್ದಲ್ಲೇ ಉಳಿದವುಗಳ ಪಾಡು ಕಷ್ಟದ್ದು. ವಿತೆಗ್ರಾ ಬಳಿ ಕಿಜೀಗಿಂತ ಹಳೆಯದಾದ, 1708ರ ಬಹುಗುಮ್ಮಟದ ಇಗರ್ಜಿಯೊಂದಿತ್ತು. 1963ರಲ್ಲಿ ಸುಟ್ಟುಹೋಯಿತು. ಕೊಂದೊಪೊಗಾದಲ್ಲಿ ನೀರಿನಂಚಿಗೆ 42 ಮೀಟರ್ ಎತ್ತರಕ್ಕೆ ನಿಂತಿದ್ದ 1774ರ ಇಗರ್ಜಿಗೆ 2018ರ ಆಗಸ್ಟ್ 10ರಂದು ಹದಿಹರೆಯದ ಹುಡುಗನೊಬ್ಬ ಬೆಂಕಿ ಹಚ್ಚಿದ. ಉಳಿದದ್ದು ಕರಿ ದಿಮ್ಮಿಗಳ ರಾಶಿ.

ಕಿಜೀಯ ದೊಡ್ಡ ಇಗರ್ಜಿಯೂ ಸುಲಭಕ್ಕೆ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ಹಲಗೆಯ ಹೊರಹೊದಿಕೆ ಹಾಕಿದ್ದರು. 1950ರ ದಶಕದಲ್ಲಿ ಅಲೆಕ್ಸಾಂಡರ್ ಒಪೊಲೊವ್ನಿಕೊವ್ ಎಂಬ ವಾಸ್ತುಶಿಲ್ಪಿ, ಮೂಲರೂಪ ಕಾಣಲೆಂದು ಅದನ್ನು ತೆಗೆಸಿದ. ದಿಮ್ಮಿಗಳ ಅಂದ ಹೊರಬಂತು, ಜೊತೆಗೆ ಮಳೆ ಹಿಮವೂ ಅವುಗಳಿಗೆ ನೇರ ತಾಗತೊಡಗಿತು. ಅದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. 1980ರ ದಶಕದ ಆರಂಭದಲ್ಲಿ ಕಟ್ಟಡ ವಾಲತೊಡಗಿದ್ದನ್ನು ಕಂಡು ಒಳಗೆ ಉಕ್ಕಿನ ಪಂಜರ ನಿಲ್ಲಿಸಿದರು, ಬಾಗಿಲು ಮುಚ್ಚಿದರು. ಬಿಚ್ಚಿ ಕಟ್ಟೋಣ ಎಂದವರಿದ್ದರು. ಪೂರ್ತಿ ಬಿಚ್ಚಿದರೆ ಮತ್ತೆ ಅದೇ ಇಗರ್ಜಿ ಸಿಕ್ಕೀತೇ ಎಂದು ಹೆದರಿದವರೂ ಇದ್ದರು.

ಕೊನೆಗೆ ಹಿಡಿದ ದಾರಿ ನಡುವಿನದು. ಕಟ್ಟಡವನ್ನು ಅಡ್ಡಡ್ಡಲಾಗಿ 7 ಪಟ್ಟಿಗಳೆಂದು ಗುರುತಿಸಿಕೊಂಡು, ಮೇಲಿನ ಭಾಗವನ್ನು ಉಕ್ಕಿನ ಚೌಕಟ್ಟಿನಿಂದ ಎತ್ತಿ ಹಿಡಿದು, ಒಂದು ಸಲಕ್ಕೆ ಅದರ ಕೆಳಗಿನ ಒಂದು ಪಟ್ಟಿಯನ್ನು ಮಾತ್ರ ಬಿಚ್ಚಿದರು. ಇಗರ್ಜಿ ಗಾಳಿಯಲ್ಲಿ ತೂಗಿ ನಿಂತ ಆ ವರ್ಷಗಳಲ್ಲಿ, ದ್ವೀಪದ ಮೇಲಿನ ಕಾರ್ಯಾಗಾರದಲ್ಲಿ ಬಡಗಿಗಳು ದಿಮ್ಮಿ ದಿಮ್ಮಿಯನ್ನೂ ತಟ್ಟಿ ನೋಡಿದರು. ಗಟ್ಟಿ ಇದ್ದದ್ದನ್ನು ಹಾಗೇ ಉಳಿಸಿದರು. ಕೊಳೆತ ತುಂಡನ್ನು ಮಾತ್ರ ಕತ್ತರಿಸಿ, ಆ ಜಾಗಕ್ಕೆ ಅಷ್ಟೇ ಹೊಸ ಪೈನ್ ಕೂರಿಸಿದರು. ಹೊಸ ತುಂಡನ್ನು ಹಳೆಯ ಏಟಿನ ಗುರುತಿಗೆ ಹೊಂದುವಂತೆ ಕೊಡಲಿಯಿಂದಲೇ ಕೆತ್ತಿದರು. ಪಟ್ಟಿಯನ್ನು ನೆಲದ ಮೇಲೆ ಒಮ್ಮೆ ಜೋಡಿಸಿ ಸರಿನೋಡಿ, ಮತ್ತೆ ಬಿಚ್ಚಿ, ಇಗರ್ಜಿಯ ಅಡಿಗೆ ಒಯ್ದು ಸೇರಿಸಿದರು. ಮಾಸ್ಕೋದ ಮನೆಸಂತೆಯಲ್ಲಿ ಮಾಡುತ್ತಿದ್ದ ಹಾಗೆಯೇ. ಈ ಕೆಲಸ ಮುಗಿದದ್ದು 2020ರಲ್ಲಿ. ದಶಕಗಳಿಂದ ಹೊರಗಿದ್ದ 102 ಐಕಾನ್‌ಗಳ ಪೀಠಗೋಡೆ ಒಳಗೆ ಮರಳಿತು. ಹತ್ತಿರ ಹೋಗಿ ನೋಡಿದರೆ ಬೂದು ಗೋಡೆಯಲ್ಲಿ ಅಲ್ಲಲ್ಲಿ ಜೇನುಬಣ್ಣದ ತೇಪೆ ಎದ್ದು ಕಾಣುತ್ತದೆ. ಒನೆಗಾದ ಗಾಳಿಮಳೆ ಅವುಗಳ ಮೇಲೆ ಈಗಾಗಲೇ ಕೆಲಸ ಶುರುಮಾಡಿದೆ.